ಹೊಸ್ತಿಲಲ್ಲಿ ಹೇಳುವ ಮೂರು ಮಾತು

ಕಂಬಂ
29 ಸೆಪ್ಟೆಂಬರ್ 2024

ಪ್ರೀತಿಯ ಅಭಿರಾಮಿಗೆ,

ನಿನ್ನ ಸೆಲ್ವಿಯ ನೆನಪುಗಳು. ನೀನೂ ಮನೆಯವರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಮ್ಮ ಹೋದ ಸುದ್ದಿ ಕೇಳಿ ನೀನು ಬರೆದ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲ ಅಂತ ಮುನಿಸಿಕೊಳ್ಳಬೇಡ. ಫೋನ್ ಎತ್ತಿದರೆ ಅಳು ಬರುತ್ತದೆ. ತಮಿಳಿನಲ್ಲಿ ಮೆಸೇಜ್ ಹಾಕೋಣ ಅಂದರೆ ಮನೆಯೊಳಗೆ ಕನ್ನಡವನ್ನೇ ಆಡುತ್ತಿದ್ದ ಅಮ್ಮನ ವಿಷಯ ತಮಿಳಿನಲ್ಲಿ ಬರುವುದೇ ಇಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಬಿ.ಎಡ್. ಓದುವಾಗ ನಾವಿಬ್ಬರೂ ಹಟ ಹಿಡಿದು ಕಲಿತ ಕನ್ನಡ ಅಕ್ಷರ ಇವತ್ತು ಕೆಲಸಕ್ಕೆ ಬಂತು. ನೀನು ಅಲ್ಲೇ ಮದುವೆಯಾಗಿ ನಿಂತೆ, ನಿನ್ನ ಕನ್ನಡ ನೆಟ್ಟಗಾಯಿತು. ನನ್ನ ತಪ್ಪು ನೋಡಿ ನಗು, ಪರವಾಗಿಲ್ಲ.

ನನ್ನ ಕೆಲಸ ಅದೇ. ತೇನಿ ಬಸ್‌ಸ್ಟ್ಯಾಂಡ್ ಹತ್ತಿರದ ಕೋಚಿಂಗ್ ಸೆಂಟರಿನಲ್ಲಿ ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ಇಂಗ್ಲಿಷ್ ವ್ಯಾಕರಣ. ನನ್ನ ಪಾಲಿಗೆ ಬಂದಿರುವುದು ಎರಡು ಬಗೆಯ ಪ್ರಶ್ನೆ. ಒಂದು ವಾಕ್ಯದಲ್ಲಿ ಮೂರು ಕೆಲಸ ಹೇಳಿದರೆ ಮೂರೂ ಒಂದೇ ರೂಪದಲ್ಲಿರಬೇಕು. 'ಓದಲು, ಬರೆಯಲು' ಅಂತ ಶುರುಮಾಡಿ 'ಈಜುವುದು' ಅಂತ ಮುಗಿಸಿದರೆ ತಪ್ಪು. ಇನ್ನೊಂದು, ಅರ್ಥ ಕೆಡದ ಹಾಗೆ ಯಾವ ಪದ ತೆಗೆಯಬಹುದೋ ಅದನ್ನು ತೆಗೆಯಬೇಕು. 'ಮತ್ತೆ ವಾಪಸ್ ತಿರುಗಿ ಬಂದ' ಅನ್ನುವುದರಲ್ಲಿ ಎರಡು ಪದ ದಂಡ. ಮಿಸ್ ಕೈಗೆ ಸಿಕ್ಕ ವಾಕ್ಯ ಪಳನಿಗೆ ಹೋಗಿ ಮುಡಿ ಕೊಟ್ಟು ಬಂದ ತಲೆಯ ಹಾಗಿರುತ್ತದೆ ಅಂತ ಹುಡುಗರು ನಗುತ್ತಾರೆ.

ಮೊದಲನೆಯ ಪಾಠಕ್ಕೆ ನಾನು ಅಮ್ಮನ ಮಾತನ್ನೇ ಉದಾಹರಣೆ ಕೊಡುತ್ತಿದ್ದೆ. ನಿನಗೆ ಮರೆತಿರುವುದಿಲ್ಲ. ಸ್ಕೂಲಿಗೆ ಹೊರಟ ನಮ್ಮಿಬ್ಬರನ್ನೂ ಹೊಸ್ತಿಲಲ್ಲಿ ನಿಲ್ಲಿಸಿಕೊಂಡು ಹೇಳುತ್ತಿದ್ದಳಲ್ಲ, "ನೋಡ್ಕಂಡು ಹೋಗು, ಹೊತ್ತಿಗೆ ಉಣ್ಣು, ಬೆಳಕಿರ್ವಾಗ್ಲೇ ಬಾ." ನನಗೆ ನಲವತ್ತು ದಾಟಿದ ಮೇಲೂ ಬಿಡಲಿಲ್ಲ. ಅವಸರದಲ್ಲಿ ನಾನು "ಹೋಗ್ತೀನಮ್ಮಾ" ಅಂದರೆ ಸೆರಗು ಹಿಡಿದು ನಿಲ್ಲಿಸುವಳು. "ಹೋಗ್ಬುಟ್ಟು ಬತ್ತೀನಿ ಅನ್ನು. ಬರೀ ಹೋಗ್ತೀನಿ ಅಂತಾರಾ ಯಾರಾನಾ?"

ಪೊಂಗಲ್ ಕಳೆದ ಮೇಲೆ ಪಾರ್ಶ್ವವಾಯು ಹೊಡೆದು ಅವಳ ಮಾತು ನಿಂತಿತು. ಮಾತು ಕಲಿಸಲು ಬರುತ್ತಿದ್ದ ಹುಡುಗಿ, ಅಮ್ಮ ದಿನಾ ಹೇಳುತ್ತಿದ್ದ ಮಾತನ್ನು ನೀವು ಶುರುಮಾಡಿ ಕೊನೆಯ ಪದ ಅವರಿಗೆ ಬಿಡಿ ಅಂದಳು. ದಿನಾ ಬೆಳಿಗ್ಗೆ ಮಂಚದ ಹತ್ತಿರ ನಿಂತು "ನೋಡ್ಕಂಡು" ಅನ್ನುತ್ತಿದ್ದೆ. ಕಷ್ಟಪಟ್ಟು "ಹೋಗು" ಅಂದಳು. ಬೇಸಿಗೆ ಹೊತ್ತಿಗೆ "ಉಣ್ಣು" ಕೂಡ ಬಂತು, ಅವತ್ತು ಸೆಂಟರಿನಲ್ಲಿ ಎಲ್ಲರಿಗೂ ಮಿಠಾಯಿ ಹಂಚಿದೆ. ಕೊನೆಯದು ಮಾತ್ರ ಬರಲಿಲ್ಲ. "ಬೆಳಕಿರ್ವಾಗ್ಲೇ" ಅಂತ ನಾನು ಕಾಯುವುದು, ಅವಳು ತುಟಿ ಜೋಡಿಸಿ ನನ್ನ ಬಾಯನ್ನೇ ನೋಡುವುದು. ಬಸ್ಸಿಗೆ ಹೊತ್ತಾದಾಗ ನಾನೇ "ಬಾ" ಅಂತ ಮುಗಿಸಿ ಓಡುತ್ತಿದ್ದೆ.

ಜುಲೈ ಕೊನೆಗೆ, ಆಡಿ ತಿಂಗಳಲ್ಲಿ ಹೋದಳು. ಊರಲ್ಲಿ ಏನೇನೋ ಹೇಳುತ್ತಾರೆ, ಅವತ್ತು ಏನಾಯಿತು ಅಂತ ಕೇಳಿದ್ದೀಯ. ಆಗಿದ್ದು ಇಷ್ಟೇ. ಅಮ್ಮನನ್ನು ಎತ್ತಿ ಹೊಸ್ತಿಲು ದಾಟಿಸುವಾಗ ಹೆಂಗಸರೆಲ್ಲ ಒಳಗೆ ನಿಂತಿದ್ದೆವು. ನಾನು ಎಲ್ಲರಿಗೂ ಕೇಳುವ ಹಾಗೆ ಆ ಮೂರು ಮಾತು ಹೇಳಿದೆ. ಕೊನೆಯದನ್ನೂ ಹೇಳಿದೆ. ಸಾವಿನ ಮನೆಯಿಂದ ಏಳುವ ನೆಂಟರೇ 'ಹೋಗಿ ಬರ್ತೀವಿ' ಅನ್ನದೆ ಸುಮ್ಮನೆ ಎದ್ದು ಹೋಗುವ ಜನ ನಾವು. ಹೋದವಳನ್ನೇ 'ಬಾ' ಅಂದರೆ ಕೇಳಬೇಕೇ? ಹೊತ್ತವರು ನಿಂತುಬಿಟ್ಟರು. ಅಪ್ಪನ ತಂಗಿ ಗೋವಿಂದಮ್ಮಾಳ್ ಅತ್ತೆ ನನ್ನ ಬಾಯಿ ಮುಚ್ಚಿದಳು. "ಸತ್ತೋರ್ನ ಬಾ ಅಂತಾರಾ, ನನ್ ಕಣ್ಣು? ಅತ್ತಿಗೆ ಇನ್ನು ಹೆಂಗೆ ಹೋದಾಳು?"

ಅವತ್ತಿನಿಂದ ಅತ್ತೆ ನಮ್ಮ ಹೊಸ್ತಿಲು ತುಳಿದಿಲ್ಲ. ಬೀದಿಯಲ್ಲೇ ನಿಂತು ಮಾತಾಡಿಸುತ್ತಾಳೆ, ನನಗೆ ಅಂತ ಕುಳಂಬು ಮಾಡಿ ತಂದು ಜಗಲಿಯ ಮೇಲೆ ಇಟ್ಟು ಹೋಗುತ್ತಾಳೆ. ಅಮ್ಮ ಹೊಸ್ತಿಲಲ್ಲೇ ಸಿಕ್ಕಿಕೊಂಡಿದ್ದಾಳಂತೆ. ಕರೆದವಳು ನಾನು, ಮಹಾಲಯ ಅಮಾವಾಸ್ಯೆಯ ದಿನ ದೀಪ ಹಚ್ಚಿ ನಾನೇ ಕಳಿಸಿಕೊಡಬೇಕಂತೆ. "ಹೋಗು ಅನ್ನು, ಅಷ್ಟೇ ಸಾಕು. ಅದ್ರ ಹಿಂದ್ಗಡೆ ಇನ್ನೊಂದು ಮಾತು ಬೇಡ" ಅನ್ನುತ್ತಾಳೆ.

ದಿನವಿಡೀ ಬೇರೆಯವರ ವಾಕ್ಯದಿಂದ ಪದ ಕೀಳುವವಳಿಗೆ ಈ 'ಬಾ' ಒಂದನ್ನು ಬಿಡಲು ಆಗುತ್ತಿಲ್ಲ ಅಭಿ. ದೇವರು ದಿಂಡರು ಅಂತ ನನಗೆ ಅಂಥ ನಂಬಿಕೆಯಿಲ್ಲ, ನಿನಗೆ ಗೊತ್ತು. ಆದರೂ ಬರೀ 'ಹೋಗು' ಅಂತ ಹೇಳಿದರೆ ಅಮ್ಮ ನಿಜವಾಗಿಯೂ ಹೋಗಿಬಿಡುತ್ತಾಳೆ ಅಂತ ಭಯ. ಹೇಳದಿದ್ದರೆ ಅತ್ತೆ ಬೀದಿಯಲ್ಲೇ ಉಳಿಯುತ್ತಾಳೆ. ನನಗೆ ಅಂತ ಉಳಿದಿರುವ ಹಿರಿಯಳು ಅವಳೊಬ್ಬಳೇ, ಅವಳಿಗೂ ಮಂಡಿ ನೋವು, ಬಿಸಿಲಲ್ಲಿ ನಿಲ್ಲುವ ವಯಸ್ಸಲ್ಲ. ಏನು ಮಾಡಲಿ ಅಂತ ತೋಚುತ್ತಿಲ್ಲ.

ಕ್ಲಾಸಿನಲ್ಲಿ ಈಗ ಪುಸ್ತಕದ ಉದಾಹರಣೆಯನ್ನೇ ಕೊಡುತ್ತೇನೆ. ಹಳೆಯ ಬ್ಯಾಚಿನ ರಾಮರ್ ಈ ಸಲವೂ ಪಾಸಾಗದೆ ಮತ್ತೆ ಬಂದು ಕೂತಿದ್ದಾನೆ. "ನಿಮ್ಮ ಅಮ್ಮನ ಮಾತು ಹೇಳಲಿಲ್ಲವಲ್ಲ ಮಿಸ್?" ಅಂದ. ಆಮೇಲೆ ಹೇಳ್ತೀನಿ ಅಂದೆ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ವೀರಪಾಂಡಿಯ ಗೌಮಾರಿ ತಾಯಿ ನಿನ್ನ ಮನೆಯನ್ನು ತಣ್ಣಗೆ ಇಟ್ಟಿರಲಿ.

ನಿನ್ನವಳೇ ಆದ
ಮುತ್ತುಸೆಲ್ವಿ

ತಾ.ಕ. (3 ಅಕ್ಟೋಬರ್): ಕಾಗದವನ್ನು ಅಂಚೆಗೆ ಹಾಕದೆ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ನಿನ್ನೆ ಅಮಾವಾಸ್ಯೆ. ಅತ್ತೆ ಬೀದಿಯಲ್ಲಿ ಕೈ ಮುಗಿದು ನಿಂತಿದ್ದಳು, ನನಗೆ ನೋಡಲಾಗಲಿಲ್ಲ. "ಹೋಗು" ಅಂದೆ. ಅಷ್ಟೇ ಅಂದೆ. ಅತ್ತೆ ಒಳಗೆ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು, ಕೂತು ಊಟ ಮಾಡಿದಳು. "ಅವತ್ತು ನಿನ್ ಬಾಯಿ ತಪ್ಪೋತು ಕಣ್ಣು. ದಿನಾ ಹೇಳಿ ಹೇಳಿ ಪಳಕ ಆಗಿತ್ತು, ಅಷ್ಟೇ" ಅಂದಳು. ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ನಿನಗೊಬ್ಬಳಿಗೆ ಹೇಳುತ್ತೇನೆ, ಬಾಯಿ ತಪ್ಪಿರಲಿಲ್ಲ. ಏನು ಹೇಳುತ್ತಿದ್ದೇನೆ ಅಂತ ಗೊತ್ತಿದ್ದೇ ಹೇಳಿದೆ, ಬರಲಿ ಅಂತಲೇ ಹೇಳಿದೆ. ಇವತ್ತು ಬೆಳಿಗ್ಗೆ ಕ್ಲಾಸಿಗೆ ಹೊರಟವಳು ಹೊಸ್ತಿಲಲ್ಲಿ ನಿಂತೆ, ಬಸ್ಸು ತಪ್ಪುವ ತನಕ ನಿಂತೆ. ಮೊನ್ನೆಯವರೆಗೂ ಅಲ್ಲಿ ಅವಳು ಇದ್ದ ಹಾಗಿತ್ತು ಅಭಿ. ಇವತ್ತು ಇರಲಿಲ್ಲ.