ಬಿಳಿ ಚುಕ್ಕೆಯಲ್ಲಿ ಕೆಂಪು ಗೀರು

ಮಾಲೂರು
ಶನಿವಾರ, 15 ಜೂನ್ 2024

ಪ್ರೀತಿಯ ಅಮ್ಮ,

ಫೋನಿನಲ್ಲಾದರೆ ಊಟ ಆಯ್ತಾ ಎಂದು ನೀನು ಕೇಳುತ್ತೀಯ, ಆಯ್ತು ಎಂದು ನಾನು ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ನನ್ನ ಕೆಲಸ ನಿನಗೆ ಗೊತ್ತು. ಯೀಸ್ಟಿನ ಜೀವಕೋಶ ಎರಡಾಗುವಾಗ ಕ್ರೋಮೋಸೋಮುಗಳು ಎರಡೂ ಕಡೆಗೆ ಸಮನಾಗಿ ಹೋಗಬೇಕು. ಅವನ್ನು ಎಳೆಯುವ ಎಳೆಗಳು ಹಿಡಿದುಕೊಳ್ಳುವ ಜಾಗವೇ ಸೆಂಟ್ರೊಮಿಯರ್. ಅದರ ರಚನೆಯಲ್ಲಿ ನೂರಿಪ್ಪತ್ತೈದರಷ್ಟು ಡಿಎನ್‌ಎ ಅಕ್ಷರಗಳಿವೆ. ಅದರಲ್ಲಿ ಒಂದನ್ನು ಬದಲಾಯಿಸಿ ನಾನು ಹಿಡಿತ ನೋಡುತ್ತೇನೆ. ಹಿಡಿತ ಗಟ್ಟಿಯಿದ್ದರೆ ತಟ್ಟೆಯಲ್ಲಿ ಅಚ್ಚ ಬಿಳಿ ಚುಕ್ಕೆ ಬೆಳೆಯುತ್ತದೆ. ಹಿಡಿತ ತಪ್ಪಿದರೆ ಬಿಳಿಯ ನಡುವೆ ಕೆಂಪು ಗೀರು.

ನಾನು ಬದಲಾಯಿಸಿದ್ದೇ ಮೂಲಕ್ಕಿಂತ ಗಟ್ಟಿ ಎಂದು ನನ್ನ ತಟ್ಟೆಗಳು ತೋರಿಸಿದವು. ನಮ್ಮ ಲ್ಯಾಬಿನ ಚಂದ್ರಮೋಹನ್ ಸರ್ ಸಂತೋಷಪಟ್ಟು ವಿಜ್ಞಾನ ಪತ್ರಿಕೆಗೆ ಪ್ರಬಂಧ ಕಳಿಸಿದರು. ಮೊದಲ ಹೆಸರು ನನ್ನದು.

ಅಮ್ಮ, ಅದು ಸುಳ್ಳು. ಕಳೆದ ವಾರ ಫ್ರೀಜರಿನಿಂದ ಹಳೆಯ ನಳಿಕೆಗಳನ್ನು ತೆಗೆದು ಪರೀಕ್ಷಿಸಿದೆ. ಚೀಟಿ ಅಂಟಿಸುವಾಗ ಮೂಲದ್ದನ್ನೂ ಬದಲಾಯಿಸಿದ್ದನ್ನೂ ಅದಲುಬದಲು ಮಾಡಿದ್ದೇನೆ.

ನನ್ನ ಜೂನಿಯರ್ ಶ್ವೇತ ಮುಳಬಾಗಿಲಿನವಳು. ಅದೇ ಪ್ರಯೋಗವನ್ನು ಮತ್ತೆ ಮೊದಲಿನಿಂದ ಮಾಡುತ್ತಿದ್ದಾಳೆ. ಪ್ರತಿ ಸಲವೂ ನನ್ನದಕ್ಕೆ ಉಲ್ಟಾ ಬರುತ್ತದೆ. ಅವಳ ಕೈ ಶುದ್ಧವಿಲ್ಲ, ಸೋಮವಾರ ಲ್ಯಾಬಿನಿಂದ ಕಳಿಸಿಬಿಡೋಣ ಎಂದಿದ್ದಾರೆ ಸರ್. ನಿನ್ನೆ ರೈಲಿನಲ್ಲಿ ಕೇಳಿದಳು: "ಅಕ್ಕಾ, ನನ್ ಕೈಯಲ್ಲೇ ಏನಾದ್ರೂ ದೋಷ ಐತೇನಕ್ಕಾ?" ನಾನು ಕಿಟಕಿಯಾಚೆ ಇಟ್ಟಿಗೆ ಗೂಡುಗಳನ್ನು ನೋಡುತ್ತಾ ಕೂತೆ.

ಬಸ್‌ಸ್ಟ್ಯಾಂಡಿನಲ್ಲಿ ವಿಜ್ಞಾನ ಚಳವಳಿಯವರು ಹಂಚುತ್ತಿದ್ದ ಕರಪತ್ರಗಳನ್ನು ಓದಿ ಬೆಳೆದವಳು ನಾನು. ಲ್ಯಾಬಿನ ಬಾಗಿಲಿಗೂ ಒಂದು ಬರೆದು ಅಂಟಿಸಿದ್ದೇನೆ: "ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸುವ ಕಡೆ ವಿಜ್ಞಾನ ಇರುವುದಿಲ್ಲ." ದಿನವೂ ಅದರ ಕೆಳಗೇ ಒಳಗೆ ಹೋಗುತ್ತೇನೆ. ಹೇಳಿದರೆ ಆ ಬಾಗಿಲು ನನಗೆ ಮುಚ್ಚುತ್ತದೆ. ಹೇಳದಿದ್ದರೆ ಒಳಗೇ ಉಳಿಯುತ್ತೇನೆ, ಬಾಗಿಲು ಹೊರಗಿನಿಂದ ಹಾಕಿದ ಹಾಗೆ.

ನಿಮ್ಮ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಒಂದು ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿಟ್ಟಾಗ ನಿನಗೆ ಮೊಟ್ಟೆಗೂ ದಾಟುವ ಗಂಟುರೋಗ ಕಂಡಿತ್ತಲ್ಲ. ಆ ತಂಡದ ಮೊಟ್ಟೆಗಳನ್ನೆಲ್ಲ ಸುಟ್ಟೆ. ಮಾಲೀಕ ಶ್ರೀನಿವಾಸಪ್ಪ ಕೂಗಾಡಿದರು. ನೀನು ಹೇಳಿದ್ದು ಒಂದೇ ಮಾತು: "ಕಣ್ಣಿಗೆ ಕಂಡ್‌ಮೇಲೆ ಕಾಣ್ಲಿಲ್ಲ ಅನ್ನೋಕಾಗ್ತದೇನಪ್ಪಾ?"

ನನಗೆ ನಿನ್ನ ಧೈರ್ಯವಿಲ್ಲ. ಅದಕ್ಕೇ ಈ ಕಾಗದವನ್ನು ಇವತ್ತೇ ಅಂಚೆ ಡಬ್ಬಿಗೆ ಹಾಕುತ್ತೇನೆ. ಒಮ್ಮೆ ಹಾಕಿದ ಮೇಲೆ ವಾಪಸ್ ತೆಗೆಯಲು ಬರುವುದಿಲ್ಲ. ಯಲ್ದೂರಿನಲ್ಲಿ ನಿನ್ನ ಕೈಗೆ ಮಂಗಳವಾರ ಸೇರುತ್ತದೆ. ಶ್ವೇತಳ ನಂಬರ್ ಹಿಂಬದಿಯಲ್ಲಿದೆ, ಫೋನ್ ಮಾಡು. ಅವಳಿನ್ನೂ ಲ್ಯಾಬಿನಲ್ಲಿದ್ದರೆ ಸೋಮವಾರ ನಾನು ಬಾಯಿಬಿಟ್ಟಿದ್ದೇನೆ ಎಂದರ್ಥ. ಇಲ್ಲದಿದ್ದರೆ ಈ ಕಾಗದವನ್ನು ಅವಳ ಕೈಗೇ ಕೊಡು.

ನಿನ್ನ,
ಚಂದನ

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ನಳಿಕೆ ಪರೀಕ್ಷಿಸಿದ್ದು ಕಳೆದ ವಾರ ಎಂದು ಬರೆದೆನಲ್ಲ, ಅದೂ ಸುಳ್ಳು. ಹೋದ ತಿಂಗಳು ನೀನು ಮಾವಿನಹಣ್ಣು ಹೊತ್ತುಕೊಂಡು ಲ್ಯಾಬಿಗೆ ಬಂದೆ. ನನ್ನ ಎರಡು ತಟ್ಟೆಗಳನ್ನು ತುಂಬಾ ಹೊತ್ತು ನೋಡಿ, "ಇದ್ದದ್ದು ಕೆಡ್ತದೆ, ನೀನು ಕೆದಕಿದ್ದು ಗಟ್ಟಿ ನಿಲ್ತದೆ ಅಂತೀಯ. ಚೀಟಿ ಅದಲುಬದಲಾಗಿಲ್ಲ ತಾನೇ?" ಎಂದೆ. ನಿನಗೆ ಇದೆಲ್ಲ ಗೊತ್ತಾಗಲ್ಲಮ್ಮ ಎಂದೆ ನಾನು. ಎಲ್ಲರೂ ನಕ್ಕರು, ನೀನೂ ನಕ್ಕೆ. ನಿನ್ನನ್ನು ಬಸ್ ಹತ್ತಿಸಿ ಬಂದವಳೇ ನಳಿಕೆಗಳನ್ನು ತೆಗೆದೆ.