ನನ್ನ ಮಗಳನ್ನು ಕೊಂದ ಬಂದೂಕನ್ನು ಹರಾಜಿಗಿಡಬೇಡಿ

ಮಾನ್ಯ ಶೆರಿಫರೇ,

ನಿಮ್ಮ ಕಚೇರಿಯ ಪತ್ರ ತಲುಪಿತು. ಕಾಗದ ದಪ್ಪಗಿದೆ, ಮೊಹರು ಚೆನ್ನಾಗಿ ಬಿದ್ದಿದೆ. ‘ಪ್ರಕರಣ ಮುಗಿದಿರುವುದರಿಂದ ತಮ್ಮ ಬಂದೂಕನ್ನು ಮೂವತ್ತು ದಿನಗಳೊಳಗೆ ಪಡೆದುಕೊಳ್ಳತಕ್ಕದ್ದು, ತಪ್ಪಿದಲ್ಲಿ ಸಾರ್ವಜನಿಕ ಹರಾಜಿನಲ್ಲಿ ವಿಲೇವಾರಿ ಮಾಡಲಾಗುವುದು’ ಎಂದಿದ್ದೀರಿ. ಅದು ನನ್ನ ಮಗಳು ರೀವಾಳ ಎದೆ ಸೀಳಿದ ಬಂದೂಕು. ತಂದು ಎಲ್ಲಿಡಲಿ? ಗೋಡೆಗೆ ನೇತುಹಾಕಿ ಹೂ ಮುಡಿಸಲೇ? ನನಗದು ಬೇಡ. ನೀವು ಅದನ್ನು ಇನ್ನೊಬ್ಬ ತಾಯಿಗೆ ಮಾರುವುದೂ ಬೇಡ. ಇದನ್ನೇ ನಿಮಗೆ ಮೂರು ಸಲ ಬರೆದೆ, ಉತ್ತರವಿಲ್ಲ. ಆದ್ದರಿಂದ ಈಗ ಊರಿನ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಯಾರೆಂದು ಮರೆತಿದ್ದರೆ ನೆನಪಿಸುತ್ತೇನೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಸೌಟು ಹಿಡಿದವಳು. ಎರಡನೇ ತರಗತಿಯಲ್ಲಿ ನೀವು ತಟ್ಟೆ ಚಾಚಿ ನಿಂತಾಗ ಬಡಿಸಿದ್ದು ಇದೇ ಕೈ. ಕಳೆದ ವಸಂತದಲ್ಲಿ ನನ್ನ ಅಳಿಯ ಲಾನಿ ರೀವಾಳ ದವಡೆ ಮುರಿದ. ಹನ್ನೊಂದು ವರ್ಷ ಸಂಸಾರ ಮಾಡಿದವಳು ರಕ್ತ ಉಗುಳುತ್ತಾ ನನ್ನ ಮನೆಗೆ ಬಂದಳು. ನಿಮಗೆ ಫೋನು ಮಾಡಿದೆವು. ನಿಮ್ಮ ಪೊಲೀಸ್ ಗಾಡಿ ಬೆಟ್ಟಗಳ ನಡುವಿನ ನಮ್ಮ ಕೊಳ್ಳಕ್ಕೆ ಬರಲು ಐವತ್ತು ನಿಮಿಷ ತೆಗೆದುಕೊಂಡಿತು. ಲಾನಿ ಅವಳ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯ ಕಾಗದ ಕೊಟ್ಟಿತು. ಅದನ್ನು ತಂದುಕೊಟ್ಟ ನಿಮ್ಮ ಕೈಕೆಳಗಿನ ಡೆಪ್ಯೂಟಿ, ಟೋಪಿ ತೆಗೆದು, “ನೋಡಮ್ಮ, ಕಾಗದ ಯಾರನ್ನೂ ತಡೆಯಲ್ಲ. ನಮ್ಮ ಗಾಡಿ ಬರೋದೂ ತಡ. ಒಂದು ಬಂದೂಕು ತಗೊಂಡ್ಬಿಡಿ. ಶೆರಿಫರು ಕ್ಲಾಸ್ ಮಾಡ್ತಾರೆ, ಪುಕ್ಕಟೆ” ಎಂದ.

ಪುಕ್ಕಟೆ ಎಂದಮೇಲೆ ಬಿಡುವುದುಂಟೇ? ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ನಿಮ್ಮ ‘ಮನೆ ಕಾಯಲು ಯಾವ ಬಂದೂಕು’ ತರಗತಿಗೆ ತಾಯಿ ಮಗಳು ಮುಂದಿನ ಸಾಲಿನಲ್ಲೇ ಕೂತೆವು. ಪಿಸ್ತೂಲು ಬೇಡ, ಗಾಬರಿಯಲ್ಲಿ ಕೈ ನಡುಗುತ್ತದೆ ಎಂದಿರಿ. ರೈಫಲ್ ಬೇಡ, ಗುಂಡು ಗೋಡೆ ತೂರಿ ಪಕ್ಕದ ಕೋಣೆಯವರನ್ನು ಕೊಲ್ಲುತ್ತದೆ ಎಂದಿರಿ. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಪಂಪ್ ಬಂದೂಕೇ ಸರಿ ಎಂದು ತೀರ್ಪು ಕೊಟ್ಟಿರಿ. “ಒಂದ್ಸಲ ಚಟಕ್-ಚಟಕ್ ಅನ್ನಿಸಿ ಸಾಕು, ಕಳ್ಳ ಚಡ್ಡಿ ಒದ್ದೆ ಮಾಡ್ಕೊಂಡು ಓಡ್ತಾನೆ” ಎಂದಾಗ ಇಡೀ ಸಭಾಂಗಣವೇ ನಕ್ಕಿತು. ಗುರಿ ಕಲಿಸಲು ನೀವು ತೂಗುಹಾಕಿದ್ದ ಚಿತ್ರದಲ್ಲಿ ಕಪ್ಪು ಮುಸುಕಿನವನೊಬ್ಬ ನಿಂತಿದ್ದ. ರೀವಾ, ಮುರಿದ ದವಡೆಗೆ ತಂತಿ ಬಿಗಿದ ಬಾಯಲ್ಲೇ, “ಸರ್, ನಮ್ಮನೆಗೆ ಬರೋನು ಮುಸುಕು ಹಾಕ್ಕೊಂಡು ಬರಲ್ಲ. ಅವನ ಮುಖ ನಂಗೆ ಚೆನ್ನಾಗಿ ಗೊತ್ತು” ಎಂದಳು. ಅದಕ್ಕೂ ಜನ ನಕ್ಕರು. ನೀವೂ ನಕ್ಕಿರಿ.

ಬಂದೂಕಿನ ಅಂಗಡಿಯ ಬರ್ಚೆಲ್ ಮೊದಲು ಗುಲಾಬಿ ಬಣ್ಣದ ಪಿಸ್ತೂಲು ತೋರಿಸಿದ. “ಹೆಂಗಸರಿಗೆ ಅಂತಲೇ ಬಂದಿರೋದು, ಮುದ್ದಾಗಿದೆ” ಎಂದ. “ಮದುವೆಗೆ ಉಡುಗೊರೆ ಕೊಡೋಕಲ್ಲಪ್ಪ, ನನ್ ಮಗಳ ಜೀವ ಉಳ್ಸೋಕೆ” ಎಂದೆ. ನೀವು ಹೇಳಿದ್ದನ್ನೇ ತೆಗೆದುಕೊಂಡೆವು, ಅವಳ ಸಣ್ಣ ಹೆಗಲಿಗೆ ಒದೆತ ಕಡಿಮೆ ಇರಲೆಂದು ಸಣ್ಣ ತೋಟಾದ್ದು. ಮನೆಗೆ ಬಂದ ದಿನವೇ ರೀವಾ ಕೇಳಿದಳು: “ಅಮ್ಮ, ಹಿಂದಿನ ಬಾಗಿಲಿಗೊಂದು ಚಿಲಕ ಹಾಕ್ಸೋಣ.”

ನಮ್ಮ ಕೊಳ್ಳದ ರೂಢಿ ನಿಮಗೂ ಗೊತ್ತು. ಮುಂಬಾಗಿಲು ತಟ್ಟುವವರು ಪರಕೀಯರು: ವಿಮೆ ಮಾರುವವರು, ಮತ ಕೇಳುವವರು, ನೀವು. ನಮ್ಮವರೆಂಬುವರೆಲ್ಲ ಹಿಂದಿನಿಂದ, ಅಡುಗೆಮನೆಯಿಂದ, ತಟ್ಟದೆ ಬರುತ್ತಾರೆ. ನನ್ನ ತಾಯಿಯ ಕಾಲದಿಂದ ಆ ಬಾಗಿಲಿಗೆ ಚಿಲಕವೇ ಇಲ್ಲ. “ಹುಚ್ಚು ಹುಡುಗಿ, ನಿಮ್ಮ ಚಿಕ್ಕಮ್ಮ ಬಂದು ತಳ್ಳಿ ನೋಡಿದ್ರೆ ಏನಂದ್ಕೋತಾಳೆ? ನೆಂಟರ ಮುಖಕ್ಕೆ ಬಾಗಿಲು ಹಾಕಿದ ಹಾಗಾಗಲ್ವಾ? ಬಂದೂಕು ಇದೆಯಲ್ಲ, ಸಾಕು” ಎಂದವಳು ನಾನು. ಹೌದು, ನಾನೇ.

ಒಂದು ಭಾನುವಾರ, ಚರ್ಚಿನಿಂದ ಬಂದು ಬೀನ್ಸ್ ಬೇಯಲಿಟ್ಟಿದ್ದೆ. ಅಂಗಳದಲ್ಲಿ ಲಾನಿಯ ಗಾಡಿಯ ಸದ್ದು ಕೇಳಿತು. ರೀವಾ ನಿಮಗೆ ಫೋನು ಮಾಡಿದಳು, ಬಂದೂಕು ಎತ್ತಿಕೊಂಡಳು, ಸದ್ದು ಬಂದ ಕಡೆಯ ಮುಂಬಾಗಿಲಿಗೆ ಗುರಿ ಹಿಡಿದು ನೀವು ಕಲಿಸಿದಂತೆಯೇ ನಿಂತಳು. ಅವನು ಮನೆ ಸುತ್ತಿ ಬಂದು ಹಿಂಬಾಗಿಲು ತಳ್ಳಿದ. “ಅಮ್ಮಾ, ಬೀನ್ಸ್ ಬೆಂತಾ?” ಎಂದ. ಹನ್ನೊಂದು ವರ್ಷ ಪ್ರತಿ ಭಾನುವಾರ ಹಾಗೆಯೇ ಕೇಳಿದ್ದ. ಶೆರಿಫರೇ, ದೇವರಾಣೆ ಹೇಳುತ್ತೇನೆ, ನನ್ನ ಕೈ ತಟ್ಟೆ ತೆಗೆಯಲು ಹೋಯಿತು.

ಅಷ್ಟರಲ್ಲಿ ಅವನು ನನ್ನನ್ನು ದಾಟಿದ. ರೀವಾ ತಿರುಗಿ ಚಟಕ್-ಚಟಕ್ ಅನ್ನಿಸಿದಳು. ಓಡಿದನೇ ನಿಮ್ಮ ಕಳ್ಳ? ನಕ್ಕ. “ನಿಂಗೆ ಬಂದೂಕು ಹಿಡಿಯೋದು ಕಲ್ಸಿದ್ದೇ ನಾನು ಕಣೇ” ಎಂದು ನಳಿಗೆಗೇ ಕೈ ಹಾಕಿದ. ಮೊದಲ ಗುಂಡು ಸೂರಿಗೆ ಹೋಯಿತು. ಅವಳ ಬೆರಳು ಮುರಿದು ಬಂದೂಕು ಕಿತ್ತುಕೊಂಡ. ಎರಡನೆಯದನ್ನು ಎರಡಡಿ ದೂರದಿಂದ ಹೊಡೆದ. ನನ್ನ ಮಗಳ ಬೆನ್ನ ಹಿಂದಿದ್ದ ಬಿಳಿ ಗೋಡೆ ಒಮ್ಮೆಗೇ ಕೆಂಪಾಯಿತು. ಕುದಿಯುತ್ತಿದ್ದ ಕಬ್ಬಿಣದ ಪಾತ್ರೆಯನ್ನು ನಾನು ಅವನ ಮುಖಕ್ಕೆ ಸುರಿದೆ. ಬಿದ್ದವನ ತಲೆಗೆ ಅದೇ ಪಾತ್ರೆಯಲ್ಲಿ ಬಡಿದೆ, ಅವನು ಅಲುಗುವುದು ನಿಲ್ಲುವವರೆಗೆ ಬಡಿದೆ. ಸಾಯಲಿಲ್ಲ, ಪಾಪಿ. ಜೈಲಿನಲ್ಲಿದ್ದಾನೆ, ಒಂದು ಕಣ್ಣು ಕಾಣುವುದಿಲ್ಲವಂತೆ. ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ರೀವಾಳ ಎದೆಗೆ ಒತ್ತಿ ಕೂತೆ. “ಅಮ್ಮ, ಚಳಿ” ಎಂದಳು. ನಿಮ್ಮ ಗಾಡಿ ಬಂದಾಗ ನಲವತ್ತೇಳು ನಿಮಿಷವಾಗಿತ್ತು. ಮೂರು ನಿಮಿಷ ಸುಧಾರಿಸಿದ್ದೀರಿ, ಅಭಿನಂದನೆಗಳು.

ಬಂದೂಕೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನನ್ನಪ್ಪ ಅದರಿಂದಲೇ ಬೇಟೆಯಾಡಿ ನಮ್ಮ ಹೊಟ್ಟೆ ಹೊರೆದ. ನನ್ನ ಪ್ರಶ್ನೆ ಇಷ್ಟೇ: ಎರಡು ಗಂಟೆ ನಳಿಗೆ, ತೋಟಾ, ಸದ್ದು ಎಂದು ಪಾಠ ಹೇಳಿದ ನಿಮಗೆ, ಬಾಗಿಲಿಗೆ ಚಿಲಕವಿದೆಯೇ ಎಂದು ಒಂದು ಮಾತು ಕೇಳಲು ಬಾಯಿ ಬರಲಿಲ್ಲವೇ? ನೀವೂ ಇದೇ ಕೊಳ್ಳದಲ್ಲಿ ಹುಟ್ಟಿದವರು. ನಿಮ್ಮ ಮನೆಗೂ ಜನ ಹಿಂದಿನಿಂದಲೇ ಬರುವುದು.

ಬರುವ ಶನಿವಾರ ಬೆಳಗ್ಗೆ ಹತ್ತಕ್ಕೆ ನ್ಯಾಯಾಲಯದೆದುರು ನಿಮ್ಮ ಹರಾಜು. ಅಷ್ಟು ಹೊತ್ತಿಗೆ ನಾನು ನ್ಯಾಯಾಲಯದ ಮೆಟ್ಟಿಲ ಮೇಲಿರುತ್ತೇನೆ. ಆ ಬಂದೂಕನ್ನು ಜನರೆದುರು ಗರಗಸ ಹಚ್ಚಿ ತುಂಡು ಮಾಡಿ. ಕಾನೂನು ಅಡ್ಡ ಬರುತ್ತದೆಂದರೆ ನನ್ನ ಕೈಗೆ ಕೊಡಿ, ಗರಗಸ ನಾನೇ ತರುತ್ತೇನೆ. ನಿಮ್ಮ ಚಿತ್ರದವನ ಮುಸುಕು ತೆಗೆಸಿ, ಗುರುತಿನ ಮುಖವೊಂದನ್ನು ಬರೆಸಿ. ಮುಂದಿನ ತರಗತಿಯಲ್ಲಿ ಬಂದೂಕಿಗೆ ಮೊದಲು ಚಿಲಕದ ಪಾಠ ಹೇಳಿ. ನಾಚಿಕೆಯಾದರೆ ನನ್ನನ್ನು ಕರೆಯಿರಿ, ನಾನು ಹೇಳುತ್ತೇನೆ.

ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅವಳನ್ನು ಮಣ್ಣು ಮಾಡಿದ ಮರುದಿನ ನಾನೂ ಹಿಂಬಾಗಿಲಿಗೆ ಚಿಲಕ ಹಾಕಿಸಿದೆ. ಮೊನ್ನೆ ನನ್ನ ತಂಗಿ ಬಂದು ತಳ್ಳಿದಳು, ತೆರೆಯಲಿಲ್ಲ. ಸುತ್ತಿ ಬಂದು ಮುಂಬಾಗಿಲು ತಟ್ಟಿದಳು.

ಇಂತಿ,
ಮಗಳು ಕೇಳಿದ್ದನ್ನು ಬಿಟ್ಟು ನೀವು ಹೇಳಿದ್ದನ್ನು ಕೊಂಡುತಂದ
ಓಲೀಟಾ ನೇಪಿಯರ್
ಸ್ಟಿಲ್‌ಹೌಸ್ ಕೊಳ್ಳ