ಬಾಗಿಲ ಮುಂದಿನ ಸಿಪ್ಪೆ

ದೊಡ್ಡಮ್ಮನಿಗೆ ಕಡಲದಂಡೆಯಿಂದ ನಮಸ್ಕಾರ.

ಇಲ್ಲಿ ಪುರಾತತ್ವದವರ ಅಗೆತ ನೋಡಲು ಬಂದಿದ್ದೇನೆ. ಸಾವಿರಾರು ವರ್ಷಗಳ ಹಿಂದಿನವರು ಬಳಚು ಎಂಬ ಚಿಪ್ಪುಮೀನು ತಿಂದು ಬಾಗಿಲಲ್ಲೇ ಎಸೆದ ಚಿಪ್ಪಿನ ಗುಡ್ಡೆಯನ್ನು ಬ್ರಷ್ಷಿನಲ್ಲಿ ಮೆಲ್ಲಗೆ ಸವರುತ್ತಿದ್ದಾರೆ.

“ಕಸ ಅಲ್ವಾ ಮೇಡಂ?” ಅಂದೆ.

“ಈ ಕಸದಿಂದಲೇ ಸಾರ್, ಇಲ್ಲಿ ಸಂಸಾರ ಇತ್ತು ಅಂತ ಗೊತ್ತಾಗಿದ್ದು.”

ತಕ್ಷಣ ನಮ್ಮ ಹೊಸಹಳ್ಳಿ ಮನೆ ನೆನಪಾಯಿತು. ಜನ ತುಳಿದಷ್ಟೂ ಸಾರು ರುಚಿ ಎಂದು ನೀವು ಬೀದಿಗೆ ಚೆಲ್ಲುತ್ತಿದ್ದ ಅವರೆಕಾಯಿ ಸಿಪ್ಪೆ! ಎದುರುಮನೆಗೆ ಹೊಸದಾಗಿ ಬಂದ ಶಿವಕ್ಕ “ಏನ್ ಹೊಲಸ್ರೀ ಇದು!” ಅಂದರೆಂದು ಈ ಸಲ ಅವರೆಕಾಯಿಯನ್ನೇ ತರದೆ ಮುನಿಸಿಕೊಂಡಿದ್ದೀರಂತೆ. ಅವರಿಗೂ ಒಂದು ಬಟ್ಟಲು ಸಾರು ಕೊಡಿ, ತಾವೇ ಬಂದು ತುಳಿಯುತ್ತಾರೆ.

ನನ್ನ ಕೆಮ್ಮು ವಾಸಿ. ಭಾನುವಾರ ಬರುತ್ತೇನೆ. ಬಾಗಿಲಲ್ಲಿ ಸಿಪ್ಪೆ ಕಾಣದಿದ್ದರೆ, ಇಲ್ಲಿ ಯಾರೂ ಇಲ್ಲವೆಂದು ಮುಂದೆ ಹೋಗಿಬಿಟ್ಟೇನು.

ನಿಮ್ಮ ನಂಜುಂಡ